ಕೋಸ್ ದ್ವೀಪದ ಮೆಟ್ಟಿಲುಗಳು

ಮೆಲಾಕಾದ ವೈದ್ಯಕೀಯ ಕಾಲೇಜೊಂದರಲ್ಲಿ ಅನಾಟಮಿ ಕಲಿಸುವ ವೇದವತಿ ನಡೆದು ಬರುವುದು ಕಾರಿಡಾರಿನ ಆ ತುದಿಯಿಂದಲೇ ಗೊತ್ತಾಗುತ್ತದೆ. ಎಡಗಾಲಿನದು ಒಂದು ಸದ್ದು, ಬಲಗಾಲಿನದು ಇನ್ನೊಂದು. ಹತ್ತೊಂಬತ್ತು ವರ್ಷಗಳಿಂದ ಆ ಸದ್ದು ಕೇಳಿದೊಡನೆ ಹುಡುಗರು ಮಾತು ನಿಲ್ಲಿಸಿ ಪುಸ್ತಕ ತೆರೆಯುತ್ತಾರೆ.

ಅವಳ ಹುಟ್ಟೂರು ಕಡಲಾಚೆ, ಉಡುಪಿಯ ಹತ್ತಿರದ ಕಟಪಾಡಿ. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಬಲಗಾಲು ಸೊರಗಿತು. ಅವಳ ತಾಯಿ ತುಳಸಿ ಹನ್ನೆರಡು ವರ್ಷ ದಿನ ತಪ್ಪದೆ ಆ ಕಾಲಿಗೆ ಎಣ್ಣೆ ತಿಕ್ಕಿದಳು. ಇಂಥ ಕಡೆ ಒಬ್ಬರು ಔಷಧಿ ಕೊಡುತ್ತಾರಂತೆ ಎಂದು ಯಾರಾದರೂ ಹೇಳಿದರೆ ಸಾಕು, ಮಗಳನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ಹತ್ತುತ್ತಿದ್ದಳು. ಕಾಲು ಮಾತ್ರ ಹಾಗೇ ಉಳಿಯಿತು. ಮುಂದೆ ಮಣಿಪಾಲದಲ್ಲಿ ವೈದ್ಯಕೀಯ ಓದುವಾಗ ವೇದವತಿಗೆ ತಿಳಿಯಿತು: ಕೆಟ್ಟಿದ್ದು ಕಾಲಲ್ಲ, ಬೆನ್ನುಹುರಿಯೊಳಗಿನ ಒಂದಿಷ್ಟು ನರಕೋಶಗಳು. ಅಮ್ಮ ಎಣ್ಣೆ ತಿಕ್ಕಿದ ಜಾಗಕ್ಕೂ ರೋಗಕ್ಕೂ ಸಂಬಂಧವೇ ಇರಲಿಲ್ಲ. ಇದನ್ನು ಅವಳು ಅಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ.

ಕಳೆದ ವಸಂತದಲ್ಲಿ ಅಥೆನ್ಸಿನಲ್ಲಿ ಅನಾಟಮಿ ಸಮ್ಮೇಳನವಿತ್ತು. ಗಂಡ ಸದಾನಂದನಿಗೆ ನಿಲಾಯ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳ ಗಡಿಬಿಡಿ. ಹಾಗಾಗಿ ಇಪ್ಪತ್ತರ ಮಗಳು ಧೃತಿ ಜೊತೆಗೆ ಹೊರಟಳು. ಸಮ್ಮೇಳನ ಮುಗಿದ ಮೇಲೆ ಎರಡು ದಿನ ಉಳಿದಿದ್ದವು. ಧೃತಿಗೆ ಇನ್‌ಸ್ಟಾಗ್ರಾಮಿನಲ್ಲಿ ನೋಡಿದ ನೀಲಿ ಗುಮ್ಮಟಗಳ ದ್ವೀಪಕ್ಕೆ ಹೋಗುವ ಆಸೆ. ವೇದವತಿ ಒಪ್ಪಲಿಲ್ಲ.

"ಕೋಸ್‌ಗೆ ಹೋಪ. ಹಿಪೊಕ್ರೆಟಿಸ್ ಹುಟ್ಟಿದ ಊರು. ವರ್ಷ ವರ್ಷ ಅವನ ಹೆಸರಲ್ಲಿ ಮಕ್ಕಳಿಗೆ ಪ್ರತಿಜ್ಞೆ ಹೇಳಿಸ್ತೇನೆ, ಅವನ ಊರು ಒಂದ್ಸಲ ನೋಡ್ಬೇಡ್ವಾ?"

"ಓಕೆ ಲಾ, ಯುವರ್ ಟ್ರಿಪ್," ಎಂದಳು ಧೃತಿ, ಮೆಲಾಕಾದವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ವಿಮಾನ ಒಂದು ಗಂಟೆಯೊಳಗೆ ಇಳಿಸಿತು. ಊರು ಚಿಕ್ಕದು, ಸೈಕಲ್ಲುಗಳ ಊರು. ಐಸ್‌ಕ್ರೀಮ್ ಅಂಗಡಿಯ ಪಕ್ಕದಲ್ಲೇ ಎರಡು ಸಾವಿರ ವರ್ಷ ಹಳೆಯ ಪೇಟೆಯ ಕಂಬಗಳು ಬಯಲಲ್ಲಿ ನಿಂತಿದ್ದವು, ಬುಡದಲ್ಲಿ ಬೆಕ್ಕುಗಳು ಮಲಗಿದ್ದವು. ಮೆಲಾಕಾದಲ್ಲಿ ಪೋರ್ಚುಗೀಸರ ಕೋಟೆಬಾಗಿಲನ್ನು ದಿನಾ ದಾಟಿ ಹೋಗುವ ವೇದವತಿಗೆ ಹಳೆಯ ಕಲ್ಲು ಹೊಸದಲ್ಲ. ಆದರೆ ಇಲ್ಲಿನ ಕಲ್ಲಿನ ಮುಂದೆ ಆ ಕೋಟೆ ನಿನ್ನೆ ಮೊನ್ನೆ ಕಟ್ಟಿದ್ದೆನಿಸಿತು.

ಬಂದರಿನ ಕೋಟೆಯ ಎದುರು ಹಿಪೊಕ್ರೆಟಿಸನ ಮರ. ಅವನು ಇದರ ನೆರಳಲ್ಲಿ ಪಾಠ ಹೇಳುತ್ತಿದ್ದನೆಂದು ಊರವರು ನಂಬುತ್ತಾರೆ; ಈಗಿರುವ ಮರಕ್ಕೆ ಐನೂರು ವರ್ಷವಾಗಿದ್ದರೆ ಹೆಚ್ಚು ಎಂದು ತಿಳಿದವರು ಹೇಳುತ್ತಾರೆ. ಕಾಂಡ ಪೂರ್ತಿ ಪೊಳ್ಳು. ಒಂದೊಂದು ಕೊಂಬೆಗೂ ಕಬ್ಬಿಣದ ಊರುಗೋಲು ಕೊಟ್ಟು ನಿಲ್ಲಿಸಿದ್ದರು. ಆ ಕೊಂಬೆಗಳ ತುದಿಯಲ್ಲಿ ಅಂಗೈಯಗಲದ ಎಳೆ ಎಲೆಗಳು ಫಳಫಳಿಸುತ್ತಿದ್ದವು. ಹದಿನಾರರವರೆಗೆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದ ವೇದವತಿ ಅಲ್ಲಿಂದ ಕದಲಲಿಲ್ಲ. ಅರ್ಧ ಗಂಟೆ ಕಾದ ಧೃತಿ ಕೊನೆಗೆ ಪಕ್ಕದ ಕಟ್ಟೆಯ ಮೇಲೆ ಕೂತಳು.

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಹಿಡಿದು ಅಸ್ಕ್ಲೆಪಿಯನ್‌ಗೆ ಹೋದರು. ಊರಿನಿಂದ ನಾಲ್ಕು ಕಿಲೋಮೀಟರು, ಗುಡ್ಡದ ಇಳಿಜಾರು. ವೈದ್ಯದೇವತೆ ಅಸ್ಕ್ಲೆಪಿಯಸನ ಗುಡಿ, ಅದರ ಸುತ್ತ ಆ ಕಾಲದ ಆಸ್ಪತ್ರೆ. ರೋಗಿಗಳು ಇಲ್ಲಿ ಮಲಗಿ, ಬಿದ್ದ ಕನಸನ್ನು ಬೆಳಿಗ್ಗೆ ಪೂಜಾರಿಗಳಿಗೆ ಹೇಳುತ್ತಿದ್ದರಂತೆ, ಅದನ್ನು ಕೇಳಿ ಅವರು ಮದ್ದು ಸೂಚಿಸುತ್ತಿದ್ದರಂತೆ. ಗುಡ್ಡವನ್ನು ಮೂರು ಅಂತಸ್ತಾಗಿ ಕಡಿದಿದ್ದರು. ಕೆಳಗಿನಿಂದ ಮೊದಲ ಅಂತಸ್ತಿಗೆ, ಅಲ್ಲಿಂದ ಅಂತಸ್ತಿನಿಂದ ಅಂತಸ್ತಿಗೆ ಅಗಲವಾದ ಕಲ್ಲಿನ ಮೆಟ್ಟಿಲು. ಎಲ್ಲ ಸೇರಿ ನೂರರಷ್ಟಿರಬಹುದು. ಹಿಡಿದುಕೊಳ್ಳಲು ಕಂಬಿಯಿಲ್ಲ.

"ಅಮ್ಮಾ, ಯು ಡೋಂಟ್ ಹ್ಯಾವ್ ಟು ಕ್ಲೈಂಬ್ ಲಾ. ನೆರಳಲ್ಲಿ ಕೂತ್ಕೋ. ನಾನು ವಿಡಿಯೋ ತೆಗೀತೀನಿ."

"ವಿಡಿಯೋ ನೋಡ್ಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಮಾರಾಯ್ತಿ? ನೀನು ಮುಂದೆ ನಡಿ."

ಮೊದಲ ಸಾಲು ಹತ್ತಿದಳು. ಎರಡನೆಯದನ್ನೂ ಹತ್ತಿ, ಏಳು ಬಿಳಿಯ ಕಂಬಗಳ ಎದುರು ದಣಿವಾರಿಸಿಕೊಂಡಳು. ಕೊನೆಯದು ಎಲ್ಲಕ್ಕಿಂತ ಉದ್ದ, ಅರವತ್ತರ ಹತ್ತಿರ. ಅರ್ಧಕ್ಕೆ ಬರುವಷ್ಟರಲ್ಲಿ ಬಲ ಮಂಡಿ ಮಾತು ಕೇಳದಾಯಿತು. ಕೂತುಬಿಟ್ಟಳು. ಆಸ್ಪತ್ರೆಗೆ ಇಷ್ಟು ಮೆಟ್ಟಿಲು ಇಟ್ಟ ಪುಣ್ಯಾತ್ಮ ಯಾರೋ ಎಂದು ಸಿಟ್ಟು ಬಂತು. ಕಾಲಿಲ್ಲದವರು, ಜ್ವರದಲ್ಲಿ ಬೇಯುವವರು ಇದನ್ನು ಹೇಗೆ ಹತ್ತುತ್ತಿದ್ದರು?

ಕಲ್ಲಿನ ಮೇಲೆ ಅಂಗೈ ಊರಿದ್ದಳು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಹತ್ತಲಾರದವರನ್ನು ಯಾರೋ ಹೊತ್ತು ತಂದಿರಬೇಕು, ಮತ್ತೆ ಹೇಗೆ ಎಂದು ಆಗ ಹೊಳೆಯಿತು. ಮಗ ಅಪ್ಪನನ್ನು ಬೆನ್ನ ಮೇಲೆ, ಹೆಂಡತಿ ಗಂಡನನ್ನು ತೋಳು ಹಿಡಿದು. ಸೊಂಟದ ಮೇಲೆ ಮಗುವನ್ನಿಟ್ಟುಕೊಂಡು, ಇಂಥ ಕಡೆ ಔಷಧಿ ಕೊಡುತ್ತಾರಂತೆ ಎಂಬ ಒಂದು ಮಾತನ್ನು ನಂಬಿ, ಎಲ್ಲಿಂದಲೋ ದೋಣಿ ಹತ್ತಿ ಬಂದ ತಾಯಂದಿರು. ಇಲ್ಲಿಗೆ ಬಂದವರು ರೋಗಿಗಳಷ್ಟೇ ಅಲ್ಲ. ಒಬ್ಬ ರೋಗಿಗೆ ಒಬ್ಬರಾದರೂ ಹೊರುವವರು! ಕಾಯಿಲೆಯ ಮೂಲ ಆ ತಾಯಂದಿರಿಗೂ ತಿಳಿದಿರಲಿಲ್ಲ, ಮದ್ದು ಕೊಟ್ಟವರಿಗೂ ತಿಳಿದಿರಲಿಲ್ಲ. ಆದರೂ ಹತ್ತಿದ್ದರು. ಅಮ್ಮ ತಿಕ್ಕಿದ ಎಣ್ಣೆಯನ್ನು ವ್ಯರ್ಥವೆಂದು ಮೂವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಕ್ಕೆ ವೇದವತಿಗೆ ನಾಚಿಕೆಯಾಯಿತು.

"ಆರ್ ಯು ಓಕೆ? ಇಳಿಯೋಣ್ವಾ?" ಧೃತಿ ಓಡಿ ಕೆಳಗೆ ಬಂದಿದ್ದಳು.

"ಇಲ್ಲ. ನಿನ್ನ ಹೆಗಲು ಕೊಡು."

ಧೃತಿ ಒಂದು ಕ್ಷಣ ತಬ್ಬಿಬ್ಬಾದಳು. ಏರ್‌ಪೋರ್ಟಿನ ಎಸ್ಕಲೇಟರಿನಲ್ಲೂ ಕೈ ಕೊಡಬಂದರೆ ಗದರಿ ದೂಡುವ ತಾಯಿ ಇವಳು. ಹೆಗಲು ಕೊಟ್ಟಳು. ಒಂದೊಂದೇ ಮೆಟ್ಟಿಲು ಏರಿ ಇಬ್ಬರೂ ಮೇಲೆ ತಲುಪಿದರು.

ಮೇಲೆ ಗುಡಿಯ ಅಡಿಪಾಯವಷ್ಟೇ ಉಳಿದಿತ್ತು. ಹಿಂದೆ ಸೈಪ್ರಸ್ ಮರಗಳ ಕಪ್ಪು ಸಾಲು. ತಿರುಗಿ ನಿಂತರೆ ಕೆಳಗೆ ಮೂರು ಅಂತಸ್ತು, ಅದರಾಚೆ ತೋಟಗಳು, ಊರು, ಕಣ್ಣು ಕುಕ್ಕುವ ನೀಲಿ ಸಮುದ್ರ, ನೀರಿನಾಚೆ ಮಬ್ಬಾಗಿ ಟರ್ಕಿಯ ಬೆಟ್ಟಗಳು. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಕಾಯಿಲೆಯವರನ್ನು ಇಲ್ಲಿಯವರೆಗೆ ಯಾಕೆ ಕರೆಸಿಕೊಳ್ಳುತ್ತಿದ್ದರು ಎಂದು ಯಾರೂ ವಿವರಿಸಬೇಕಾಗಿರಲಿಲ್ಲ.

"ವಾಹ್," ಎಂದಳು ಧೃತಿ, ಫೋನು ಚೀಲದಿಂದ ತೆಗೆಯದೆ.

ಮಧ್ಯಾಹ್ನ ಟ್ಯಾಕ್ಸಿಯವನೇ ದ್ವೀಪದ ಇನ್ನೊಂದು ಮಗ್ಗುಲಿಗೆ ಕರೆದೊಯ್ದ. ಅಲ್ಲಿ ಬಂಡೆಯೊಳಗಿನಿಂದ ಬಿಸಿನೀರಿನ ಬುಗ್ಗೆ ಹೊರಟು ನೇರ ಸಮುದ್ರಕ್ಕೆ ಬೀಳುತ್ತದೆ. ಸುತ್ತ ಕಲ್ಲು ಜೋಡಿಸಿ ಕೊಳ ಮಾಡಿದ್ದಾರೆ. ಗಂಧಕದ ವಾಸನೆ. ನಾಲ್ಕೈದು ಮಂದಿ ಮುದುಕಿಯರು ಕುತ್ತಿಗೆಯವರೆಗೆ ಮುಳುಗಿ ಹರಟುತ್ತಿದ್ದರು. ಒಬ್ಬಾಕೆ ವೇದವತಿಯ ನಡಿಗೆ ನೋಡಿ, ತನ್ನ ಮಂಡಿಯನ್ನು ನೀರಿನ ಮೇಲೆತ್ತಿ ತಟ್ಟಿ ತೋರಿಸಿ, ಬಾ ಎಂದು ಕೈಯಾಡಿಸಿದಳು.

ವೇದವತಿ ಪ್ಯಾಂಟನ್ನು ತೊಡೆಯವರೆಗೆ ಮಡಚಿದಳು. ಆ ಬಡಕಲು ಕಾಲನ್ನು ಮಗಳು ಹಗಲು ಬೆಳಕಿನಲ್ಲಿ ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಇಬ್ಬರೂ ಇಳಿದರು. ಒಂದು ಅಲೆ ತಣ್ಣಗೆ ಒಳನುಗ್ಗುತ್ತಿತ್ತು, ಅದರ ಬೆನ್ನಿಗೇ ನೆಲದಿಂದ ಬಿಸಿ ಏಳುತ್ತಿತ್ತು. ನೀರಿನಲ್ಲಿ ಎರಡು ಕಾಲಿಗೂ ಒಂದೇ ತೂಕ.

"ಅಜ್ಜಿ ನಿನ್ನ ಎಲ್ಲೆಲ್ಲಿ ಎತ್ಕೊಂಡು ಹೋಗ್ತಿದ್ರು?" ಧೃತಿ ಕೇಳಿದಳು.

ವೇದವತಿ ಊರುಗಳ ಹೆಸರು ಒಂದೊಂದಾಗಿ ಹೇಳತೊಡಗಿದಳು. ಕಾಪು, ಕಾರ್ಕಳ, ಪುತ್ತೂರು. ಟ್ಯಾಕ್ಸಿಯವನು ಎರಡು ಸಲ ಬಂದು ಇಣುಕಿ ಹೋದ.