ಬಲಗೈಯ ತಾಯತ

ಎಂಆರ್‌ಐ ಯಂತ್ರದ ಮುಂದೆ ಕೂತು ವರ್ಷಗಟ್ಟಲೆ ಕಂಡವರ ತಲೆಯೊಳಗನ್ನೆಲ್ಲ ನೋಡಿದವಳು ನಾನು. ನಮ್ಮ ಮನೆಯ ಸರದಿ ಬಂದಾಗ ನಾನೊಬ್ಬಳಿದ್ದೇನೆ ಎನ್ನುವುದೇ ಯಾರಿಗೂ ನೆನಪಾಗಲಿಲ್ಲ.

ಪಟ್ಟಂದೂರು ಅಗ್ರಹಾರದ ನಮ್ಮ ಮನೆಯಿಂದ ನನ್ನ ಆಸ್ಪತ್ರೆಗೆ ನಡೆದೇ ಬರಬಹುದು. ಅಣ್ಣ ಅಪಾರ್ಟ್‌ಮೆಂಟುಗಳಿಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಮಿದುಳಿನೊಳಗೆ ನೀರು ಹೇಗೆ ಓಡಾಡುತ್ತದೆಂದು ತೋರಿಸುವ ಒಂದು ಚಿತ್ರ ತೆಗೆಯುತ್ತೇವೆ, ರಕ್ತ ತಲುಪದ ಜಾಗದಲ್ಲಿ ಆ ನೀರು ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತದೆ ಎಂದು ಒಮ್ಮೆ ಅವನಿಗೆ ಹೇಳಿದ್ದೆ. "ನೀರಿನ ವಿಷ್ಯ ನಂಗೇ ಹೇಳ್ಕೊಡ್ತೀಯೇನಮ್ಮಿ?" ಎಂದು ನಕ್ಕಿದ್ದ.

ಆ ದಿನ ನಾನು ಬೆಳಗಿನ ಡ್ಯೂಟಿಗೆ ಹೊರಟ ಮೇಲೆ ಅವನು ಎದ್ದ. ಬಲಗೈ ಮಾತ್ರ ಏಳಲಿಲ್ಲ, ಮಾತು ತೊದಲುತ್ತಿತ್ತು. ಅತ್ತಿಗೆ ಅವನನ್ನು ಕಾರಿಗೆ ಹತ್ತಿಸಿ, ನಮ್ಮ ಆಸ್ಪತ್ರೆಯ ಗೇಟಿನ ಮುಂದೆಯೇ ಹಾದು, ಮಾಲೂರು ಕಡೆಗೆ ಕರೆದುಕೊಂಡು ಹೋದರು. ಲಕ್ವ ಹೊಡೆದವರಿಗೆ ಅಲ್ಲೊಬ್ಬ ಪಾರಿವಾಳದ ರಕ್ತ ತಿಕ್ಕುತ್ತಾನೆ. ನಮ್ಮ ಅಜ್ಜನಿಗೂ ಅದನ್ನೇ ತಿಕ್ಕಿದ್ದರು. ಅಜ್ಜ ಎದ್ದು ಓಡಾಡಿದ್ದನ್ನು ಮಾತ್ರ ನಾನು ಕಾಣೆ.

ನನ್ನ ಹತ್ತಿರ ಬರುವಾಗ ಮಧ್ಯಾಹ್ನ. ಅಣ್ಣನ ತೋಳಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು, ಮೇಲೊಂದು ಹೊಸ ತಾಯತ. ನನಗೆ ಮೈಯೆಲ್ಲ ಉರಿದುಹೋಯಿತು.

"ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ ಅತ್ತಿಗೆ?"

"ನೀನು ಸ್ಕ್ಯಾನು ಗೀನು ಅಂತ ತಡ ಮಾಡ್ತೀಯ ಅಂದ್ಕಂಡೆ ಕಣಮ್ಮಿ. ಲಕ್ವ ಹೊಡೆದ ತಕ್ಷಣ ತಿಕ್ಬೇಕಂತೆ."

ತಡ! ಜಗಳಕ್ಕೆ ಹೊತ್ತಿರಲಿಲ್ಲ. ಯಂತ್ರದ ಕೋಣೆಗೆ ಲೋಹ ಒಯ್ಯುವಂತಿಲ್ಲ, ಹಾಗಾಗಿ ತಾಯತ ತೆಗೆಯಬೇಕಾಯಿತು. "ಈಗಷ್ಟೇ ಕಟ್ಟವ್ರೆ, ಬಿಚ್ಬೇಡ" ಎಂದು ಅತ್ತಿಗೆ ಅತ್ತರು. ದಾರ ಬಿಚ್ಚಿ ಅವರ ಕೈಗೇ ಕೊಟ್ಟೆ.

"ಅಲ್ಲಾಡ್ಬೇಡ ಅಣ್ಣಾ" ಎಂದು ಮೈಕಿನಲ್ಲಿ ಅಂದೆ. ಎಲ್ಲರಿಗೂ ಹೇಳುವ ಮಾತೇ.

ಮೊದಲು ಆ ನೀರಿನ ಚಿತ್ರ ಬಂತು. ಬಲಗೈಯನ್ನು ಆಡಿಸುವ ಎಡಮಿದುಳಿನಲ್ಲಿ ದೊಡ್ಡ ಬಿಳಿ. ಅದಕ್ಕೆ ನಾನು ಸಿದ್ಧಳಿದ್ದೆ. ಆಮೇಲೆ ತೆಗೆಯುವ ಇನ್ನೊಂದು ಬಗೆಯ ಚಿತ್ರದಲ್ಲಿ ಆ ಜಾಗ ಇನ್ನೂ ಬೆಳ್ಳಗಾಗದಿದ್ದರೆ ಪೆಟ್ಟು ಹೊಸದು ಎಂದರ್ಥ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದು. ದೇವರೇ, ಇದೊಂದು ಕಪ್ಪಾಗೇ ಇರಲಿ ಅಂದುಕೊಂಡೆ. ಅದೂ ಬೆಳ್ಳಗೇ ಬಂತು.

ಪಕ್ಕದಲ್ಲಿ ನಿಂತಿದ್ದ ಡಾಕ್ಟರು, "ಟೈಮ್ ಹೋಗ್ಬಿಟ್ಟಿದೆ ಕಣಮ್ಮ. ದಾರಿ ಏನಿದ್ರೂ ಬೆಳಿಗ್ಗೆ ಇತ್ತು" ಎಂದರು. ಆ ಕೈಯಲ್ಲಿ ಅವನು ಇನ್ನು ಸ್ಟೇರಿಂಗ್ ಹಿಡಿಯಲಾರ ಎಂಬುದನ್ನು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.

ಹೊರಗೆ ಬಂದಾಗ ಅತ್ತಿಗೆ ಕೇಳಿದರು, "ಕೈ ಬರ್ತದಾ?"

"ಡಾಕ್ಟ್ರು ಹೇಳ್ತಾರೆ" ಎಂದೆ. ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾದ ಉತ್ತರ. ಅತ್ತಿಗೆ ಅದನ್ನೇ ಭರವಸೆ ಎಂದುಕೊಂಡು ತಾಯತವನ್ನು ನನ್ನ ಕೈಗಿಟ್ಟರು. "ನೀನೇ ಬಿಚ್ದೆ, ನೀನೇ ಕಟ್ಟು. ಬಿಗಿಯಾಗಿ ಕಟ್ಟು."

ಗಾಲಿಕುರ್ಚಿಯ ಪಕ್ಕ ಕೂತು ಅಣ್ಣನ ಬಲತೋಳಿಗೆ ಕಟ್ಟಿದೆ. ದಾರ ಚರ್ಮಕ್ಕೆ ಅಚ್ಚೊತ್ತುವಷ್ಟು ಬಿಗಿಯಾಗಿ ಗಂಟು ಹಾಕಿದೆ.

ಅಣ್ಣ ಬೇರೆಲ್ಲೋ ನೋಡುತ್ತಿದ್ದವನು ನನ್ನ ಕಡೆ ತಿರುಗಿ, ತೊದಲುತ್ತಾ ಕೇಳಿದ: "ಕಟ್ಟಿದ್ಯಾ?"