ಎರಡನೆಯ ಗೆರೆ

ತಿರುವನಂತಪುರದ ಪಟ್ಟಂನಲ್ಲಿ ನಾನಿದ್ದ ಪ್ರಯೋಗಾಲಯದಲ್ಲಿ, ಒಂದು ಹನಿ ರಕ್ತದಿಂದ ಗರ್ಭದ ಹಾರ್ಮೋನು ಪತ್ತೆ ಮಾಡುವ ಪಟ್ಟಿಗಳನ್ನು ತಯಾರಿಸುತ್ತಿದ್ದೆವು. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿದರೆ ಹಳದಿ ಹೋಗಿ ದಾಸವಾಳದ ಕೆಂಪು ಬರುತ್ತದೆ. ಪಟ್ಟಿ ಸರಿಯಿದ್ದರೆ ಆ ಕೆಂಪಿನ ಒಂದು ಗೆರೆ. ರಕ್ತದಲ್ಲಿ ಹಾರ್ಮೋನಿದ್ದರೆ ಪಕ್ಕದಲ್ಲಿ ಇನ್ನೊಂದು.

ಹೊಸ ಬ್ಯಾಚನ್ನು ಮೊದಲು ಹಾರ್ಮೋನಿಲ್ಲದ ರಕ್ತದಲ್ಲಿ ನೋಡಬೇಕು. ಬೆಳಗ್ಗೆ ಮೊದಲು ಬಂದವರು ಅದಕ್ಕಾಗಿ ಬೆರಳು ಚುಚ್ಚಿಕೊಳ್ಳುವುದು ನಮ್ಮಲ್ಲಿ ರೂಢಿ. ಬಸ್ಸಿನ ನೂಕುನುಗ್ಗಲೆಂದರೆ ನನಗೆ ಮೈಯೆಲ್ಲ ಉರಿ, ಹಾಗಾಗಿ ಮೊದಲು ಬರುವವಳು ಯಾವಾಗಲೂ ನಾನೇ.

ಎರಡು ತಿಂಗಳ ಗರ್ಭ ಹೋಗಿ, ಜ್ವರವೆಂದು ಸುಳ್ಳು ಹೇಳಿ ಪಡೆದ ರಜೆ ಮುಗಿಸಿ ಬಂದ ದಿನವೂ ಕೈ ತಾನಾಗಿ ಸೂಜಿಗೆ ಹೋಯಿತು. ಗರ್ಭವಿದ್ದ ದಿನಗಳಲ್ಲಿ ಮಾತ್ರ ಯಾರಿಗೂ ಹೇಳದೆ, ತಡವಾಗಿ ಬಂದು ತಪ್ಪಿಸಿಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಎರಡನೆಯ ಗೆರೆ ಮೂಡಿತು. ಇನ್ನೊಂದು ಪಟ್ಟಿ ತೆಗೆದೆ, ಅದರಲ್ಲೂ ಮೂಡಿತು. ಗರ್ಭ ಹೋದ ಮೇಲೂ ಹಾರ್ಮೋನು ಕೆಲವು ವಾರ ರಕ್ತದಲ್ಲಿ ಉಳಿಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಬಾಗಿಲು ಹಾಕಿ ಬಂದ ಕೋಣೆಯೊಳಗಿಂದ ಯಾರೋ ಕರೆದ ಹಾಗಾಯಿತು. ಹೆದರಿದೆ. ಸಂತೋಷವೂ ಆಯಿತು, ಯಾಕೆ ಮುಚ್ಚಿಡಲಿ.

ಎಲ್ಲರೂ ಚೇಚಿ ಎನ್ನುವ ನಮ್ಮ ಹಿರಿಯ ಸಹೋದ್ಯೋಗಿ ಅದನ್ನು ನೋಡಿ, ಬ್ಯಾಚೇ ಕೆಟ್ಟಿದೆ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಒಳ್ಳೆಯ ಪಟ್ಟಿಗಳೆಲ್ಲ ಕಸಕ್ಕೆ ಹೋದವು, ಒಂದು ಹಿಡಿ ನನ್ನ ಚೀಲಕ್ಕೆ.

ಕೊಚ್ಚಿಯ ವಲ್ಲಾರ್ಪಾಡಂ ಬಂದರಿನಲ್ಲಿ ಕೆಲಸದಲ್ಲಿದ್ದ ಗಂಡನಿಗೆ ಮಾತ್ರ ಗೆರೆಯ ವಿಷಯ ಹೇಳಿದೆ. ನಾವಿಬ್ಬರೂ ಕಾಸರಗೋಡಿನ ಕನ್ನಡದವರು. ಹುಚ್ಚು ಕಟ್ಟಬೇಡ ಎಂದು ಬೈಯುತ್ತಾರೆ ಅಂದುಕೊಂಡಿದ್ದೆ. ಮರುದಿನ ಬೆಳಗ್ಗೆ ಅವರೇ ಫೋನ್ ಮಾಡಿದರು.

"ಇವತ್ತು ಉಂಟಾ?"

"ಉಂಟು. ಸ್ವಲ್ಪ ತೆಳು."

"ಭಾರ ಎಂತದ್ದೂ ಎತ್ತಬೇಡ ಮಾರಾಯ್ತಿ. ಸರಿ ಊಟ ಮಾಡು."

ಇಬ್ಬರೂ ಓದಿದವರೇ. ಆದರೂ ನಾನು "ಆಯ್ತು" ಎಂದೆ. ನಿಲ್ಲಿಸಿದ್ದ ಬಸಿರಿನ ಮಾತ್ರೆಗಳನ್ನು ಮತ್ತೆ ನುಂಗತೊಡಗಿದೆ. ಅಲ್ಲಿ ಬೆರಳು ಚುಚ್ಚಿಕೊಳ್ಳುವುದು ತಪ್ಪಲೆಂದು ಪ್ರಯೋಗಾಲಯಕ್ಕೆ ಮತ್ತೆ ಬೇಕೆಂದೇ ತಡವಾಗಿ ಹೋಗುತ್ತಿದ್ದೆ. ಮನೆಯ ಕಿಟಕಿಯ ಬೆಳಕಿನಲ್ಲಿ ಗೆರೆ ದಿನದಿನಕ್ಕೆ ಸಣ್ಣಗಾಗುತ್ತಿತ್ತು, ಅವರ ಪ್ರಶ್ನೆ ಮಾತ್ರ ತಪ್ಪುತ್ತಿರಲಿಲ್ಲ.

ಚೀಲದ ಪಟ್ಟಿಗಳು ಮುಗಿದ ಮರುದಿನ ಮತ್ತೆ ಎಲ್ಲರಿಗಿಂತ ಮೊದಲು ಹೋಗಿ ಬೆರಳು ಚುಚ್ಚಿಕೊಂಡೆ. ಒಂದೇ ಗೆರೆ. ಪಟ್ಟಿಯನ್ನು ಓರೆ ಮಾಡಿ ನೋಡಿದೆ, ದೀಪಕ್ಕೆ ಹಿಡಿದು ನೋಡಿದೆ. ಆಗ ಒಳಬಂದ ಚೇಚಿ ಅದನ್ನು ಕೈಯಿಂದ ತೆಗೆದುಕೊಂಡು ನನ್ನ ಬೆನ್ನು ತಟ್ಟಿದರು.

"ಈ ಬ್ಯಾಚ್ ಚೆನ್ನಾಗಿದೆ, ಮೋಳೇ!"

ಮೋಳೇ ಅಂದರೆ ಮಗಳೇ. ಎಲ್ಲರಿಗೂ ಚಹಾ ತರಿಸಿದರು. ಲೋಟ ಕೈಯಲ್ಲಿರುವಾಗಲೇ ಫೋನ್ ಬಂತು.

"ಇವತ್ತು ಉಂಟಾ?"

"ಉಂಟು" ಎಂದೆ.