ಈರುಳ್ಳಿ ಬಜ್ಜಿ, ಉಳ್ಳಾಗಡ್ಡಿ ಭಜಿ

ಮದುವೆಯಾಗಿ ನಾನು ಹುಬ್ಬಳ್ಳಿಯಿಂದ ಮೈಸೂರಿಗೆ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮಠದ ಪರಿಚಯದವರ ಮೂಲಕ ಕೂಡಿಬಂದ ಸಂಬಂಧ. ಜಾತಿ ಒಂದೇ, ಭಾಷೆ ಒಂದೇ, ಇನ್ನೇನು ತೊಂದರೆ ಎಂದು ಎರಡೂ ಮನೆಯವರು ಅಂದುಕೊಂಡಿದ್ದರು. ಚಾಮರಾಜಪುರಂನ ಆ ಮನೆಯಲ್ಲಿ ನಾನು ಬಾಯಿ ಬಿಟ್ಟಾಗಲೆಲ್ಲ ನಾದಿನಿ ನಗುತ್ತಿದ್ದಳು. ನನಗಿಂತ ಚಿಕ್ಕವಳು, ನಗಲಿ ಬಿಡು ಎಂದು ಸುಮ್ಮನಾಗುತ್ತಿದ್ದೆ.

ಐದಾರು ತಿಂಗಳಾಗಿರಬೇಕು. ಆ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕೇಸರಿಬಾತನ್ನು ಅತ್ತೆಯೇ ಮಾಡಿಟ್ಟಿದ್ದರು. "ನೀನು ಒಂದಿಷ್ಟು ಈರುಳ್ಳಿ ಬಜ್ಜಿ ಮಾಡ್ಬುಡಮ್ಮ, ಬಿಸಿಬಿಸಿ ಇರ್ಲಿ" ಎಂದು ಹೇಳಿ ಸೀರೆ ಬದಲಿಸಲು ಹೋದರು. ನನಗೆ ಹಿಗ್ಗೋ ಹಿಗ್ಗು. ಆ ಮನೆಯಲ್ಲಿ ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು. ಉದ್ದುದ್ದ ಎಳೆಯಾಗಿ ಈರುಳ್ಳಿ ಹೆಚ್ಚಿ, ಉಪ್ಪು, ಓಮ ಹಾಕಿ ಹಿಸುಕಿದೆ. ಈರುಳ್ಳಿ ಬಿಟ್ಟ ನೀರಿನಲ್ಲೇ ಕಡಲೆಹಿಟ್ಟು ಕಲಸಿ ಎಣ್ಣೆಗೆ ಉದುರಿಸಿದೆ. ಕೆಂಪಗೆ, ಗರಿಗರಿಯಾಗಿ ಬಂತು. ತವರಿನಲ್ಲಿ ನನ್ನ ಅಪ್ಪ ಕೇಳಿ ಕೇಳಿ ಮಾಡಿಸಿಕೊಳ್ಳುತ್ತಿದ್ದ ಭಜಿ.

ತಟ್ಟೆ ತಂದು ನಡುಮನೆಯಲ್ಲಿ ಗಂಡಿನ ಕಡೆಯವರ ಮುಂದಿಟ್ಟಾಗ ಅತ್ತೆಯ ಮುಖ ಬಿಗಿದುಕೊಂಡಿತು.

"ಏನಮ್ಮ ಇದು? ಬಜ್ಜಿ ಅಂದ್ರೆ ಪಕೋಡ ಮಾಡ್ಕೊಂಡ್ ಬಂದ್ಬುಟ್ಟಿದ್ದೀಯಲ್ಲ!"

"ಅಲ್ರೀ ಅತ್ತಿ, ನಮ್ಮ ಕಡೆ ಇದಕ್ಕ ಉಳ್ಳಾಗಡ್ಡಿ ಭಜಿ ಅಂತಾರ್ರೀ" ಎಂದೆ.

ಅತ್ತೆ ಬಂದವರ ಕಡೆ ತಿರುಗಿದರು. "ತಪ್ಪು ತಿಳ್ಕೋಬೇಡಿ. ಸೊಸೆ ಹುಬ್ಬಳ್ಳಿಯೋಳು. ಬಜ್ಜಿ ಯಾವುದು, ಪಕೋಡ ಯಾವುದು ಅಂತ್ಲೂ ಗೊತ್ತಿಲ್ಲ ಕಣ್ರೀ."

"ಪಾಪ, ಅಲ್ಲಿ ಬರೀ ರೊಟ್ಟಿ ತಾನೆ?" ಎಂದರು ಹುಡುಗನ ತಾಯಿ. ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಉಳಿದವರ ನಗು ನನಗೆ ಅಷ್ಟಾಗಿ ನೆನಪಿಲ್ಲ.

ಈರುಳ್ಳಿಯನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಒಂದೊಂದನ್ನೇ ತೆಳು ಹಿಟ್ಟಿನಲ್ಲಿ ಅದ್ದಿ ಕರಿದರೆ ಮಾತ್ರ ಮೈಸೂರಿನಲ್ಲಿ ಅದು ಬಜ್ಜಿ. ನಮ್ಮಲ್ಲಿ ಅದ್ದಿದರೂ ಭಜಿ, ಉದುರಿಸಿದರೂ ಭಜಿ. ಇಷ್ಟನ್ನು ಯಾರಾದರೂ ಮೊದಲೇ ಹೇಳಬಹುದಿತ್ತು.

ಆ ಸಂಬಂಧ ಕೂಡಿಬರಲಿಲ್ಲ. ಅವರು ಕಾರಣ ಹೇಳಿ ಕಳಿಸಲಿಲ್ಲ, ಅತ್ತೆಯೇ ಹುಡುಕಿಕೊಂಡರು. "ಅವತ್ತಿನ ತಿಂಡೀಲೇ ನಮ್ಮ ಮರ್ಯಾದೆ ಹೋಯ್ತು" ಎಂದು ಮನೆಗೆ ಬಂದುಹೋಗುವವರಿಗೆಲ್ಲ ಹೇಳಿದರು. ಮುಂದೆ ನಾದಿನಿಗೆ ಒಳ್ಳೆಯ ಕಡೆಯೇ ಮದುವೆಯಾಯಿತು. ಆದರೂ ಹಬ್ಬಹರಿದಿನಗಳಲ್ಲಿ ನನ್ನನ್ನು ಬಾಣಲೆಯ ಮುಂದೆ ಕೂರಿಸಲಿಲ್ಲ. ತರಕಾರಿ ಹೆಚ್ಚಿ ಕೊಡುವುದಷ್ಟೇ ನನ್ನ ಪಾಲಿಗೆ ಉಳಿಯಿತು.

ನಾನು ಮಾತು ಬದಲಿಸಿಕೊಂಡೆ. ಉಳ್ಳಾಗಡ್ಡಿ ಹೋಯಿತು, ಓಮಕ್ಕೆ ಅನ್ನುತ್ತಿದ್ದ ಅಜವಾನ ಹೋಯಿತು, ಮಾತಿನ ಕೊನೆಯ 'ರೀ' ಕೂಡ ಹೋಯಿತು. ಒಮ್ಮೆ ತವರಿಗೆ ಹೋದಾಗ ಅಪ್ಪ ನನ್ನ ಮಾತು ಕೇಳುತ್ತ ಕೂತಿದ್ದವನು, "ಯಾಕವ್ವಾ, ನಮ್ಮ ಜೋಡಿನೂ ಹಿಂಗ ಮಾತಾಡ್ತಿ?" ಎಂದು ಕೇಳಿದ.

ಹತ್ತು ಹನ್ನೆರಡು ವರ್ಷಗಳ ಮೇಲೆ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಉತ್ತರ ಕರ್ನಾಟಕದವಳೊಬ್ಬಳು ತಳ್ಳುಗಾಡಿ ಇಟ್ಟಳು. ಒಂದು ಸಂಜೆ ಗಂಡ ಪೊಟ್ಟಣ ಕಟ್ಟಿಸಿಕೊಂಡು ಬಂದರು. ಅತ್ತೆ ಎರಡು ತಿಂದು, "ಏನ್ ಗರಿಗರಿಯಾಗಿದೆ ಕಣೋ! ಏನಿದು?" ಎಂದರು.

"ಉಳ್ಳಾಗಡ್ಡಿ ಭಜಿ ಅಂತಮ್ಮ. ಆ ಕಡೆಯವರು ತುಂಬ ಚೆನ್ನಾಗಿ ಮಾಡ್ತಾರೆ" ಎಂದರು ಗಂಡ.

"ನಾನೂ ಮಾಡಿದ್ದೆ, ನೋಡೋಕೆ ಬಂದವರ ಮುಂದೆ" ಎಂದೆ.

"ಹೌದಾ? ಯಾವಾಗ?" ಎಂದು ಗಂಡ ಕೇಳಿದರು. ನಾಟಕವಲ್ಲ, ಅವರಿಗೆ ನಿಜವಾಗಿ ನೆನಪಿರಲಿಲ್ಲ. ಅತ್ತೆ ಇನ್ನೊಂದಕ್ಕೆ ಕೈ ಹಾಕಿದ್ದರು.

ಮರುದಿನ ಆ ಗಾಡಿಯ ಹತ್ತಿರ ಹೋದೆ. ಅವಳು ನನ್ನ ಮುಖವನ್ನೇ ನೋಡುತ್ತ, "ಯಾವೂರ್ರೀ ಅಕ್ಕಾರ?" ಎಂದಳು. ಬಾಯಿತುದಿಗೆ ಬಂದ ಹುಬ್ಬಳ್ಳಿಯನ್ನು ನುಂಗಿಕೊಂಡು, "ಇಲ್ಲೇ, ಚಾಮರಾಜಪುರಂ" ಎಂದೆ. ಅವಳು ಬಾಣಲೆಯ ಕಡೆ ತಿರುಗಿದಳು.